ಹಳೆಯ ಕಾರಿನ ಇಂಜಿನ್ ಬಿಚ್ಚಿಸುವ ಮುನ್ನ



ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಸಾಲ ಉಪಸಮಿತಿಯ ಮುಂದೆ ಒಂದು ವಿಚಿತ್ರವಾದ ಅರ್ಜಿ ಬಂದಿತು. ಅರ್ಜಿದಾರರು ಮೂರೂವರೆ ಎಕರೆ ಅಡಿಕೆ, ಎರಡು ಎಕರೆ ಕಾಫಿ ಉಳ್ಳ ಹಳೆಯ ಸದಸ್ಯರು. ಎಂದೂ ಬಾಕಿ ಉಳಿಸಿಕೊಂಡವರಲ್ಲ. ಕೋರಿದ ಮೊತ್ತ 80,000 ರೂಪಾಯಿ. ಆಧಾರ, ಮುಂದಿನ ಸಾಲಿನ ಅಡಿಕೆ ಫಸಲು. ಉದ್ದೇಶ ಎಂಬ ಕಾಲಮ್ಮಿನಲ್ಲಿ ‘ಮಗನು ಕೊಂಡ ಕಾರಿನ ಇಂಜಿನ್ ರಿಪೇರಿ’ ಎಂದು ಇದ್ದುದನ್ನು ಇದ್ದ ಹಾಗೆ ಬರೆದಿದ್ದರು. ಅದೇ ವರ್ಷ ಅವರು ಮುದಿ ಮರಗಳ ನಡುವೆ ಹೊಸ ಸಸಿ ಇಡುವುದಕ್ಕೆಂದು ಸಾಲ ಕೇಳುವ ಯೋಚನೆಯಲ್ಲಿದ್ದರೆಂಬುದು ನಮಗೆ ತಿಳಿದಿತ್ತು.

ಇಂತಹ ಅರ್ಜಿಯನ್ನು ತಳ್ಳಿಹಾಕುವುದು ಸುಲಭ. ನಿಯಮವೂ ಅದನ್ನೇ ಹೇಳುತ್ತದೆ. ಆದರೆ ಸಂಘದಲ್ಲಿ ಸಿಗದ ಹಣಕ್ಕೆ ಬೆಳೆಗಾರ ಎಲ್ಲಿಗೆ ಹೋಗುತ್ತಾನೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮಂಡಿಯಲ್ಲಿ ಮುಂಗಡ ತೆಗೆದರೆ ಅಡಿಕೆಯೂ ಅಲ್ಲಿಗೇ ಹೋಗುತ್ತದೆ, ದರವೂ ಅವರು ಹೇಳಿದ್ದೇ ಆಗುತ್ತದೆ. ಆದ್ದರಿಂದ ಅರ್ಜಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಮೊದಲು ಗಾಡಿಯನ್ನು ನೋಡಿಬರುವುದೆಂದು ನಿಶ್ಚಯಿಸಿದೆವು. ಹೇಗೂ ತೋಟಕ್ಕೆ ಹಾಕುವ ಸುಣ್ಣದ ದರ ವಿಚಾರಿಸಲು ನಾವು ಲೋಕಾಪುರದ ಕಡೆಗೆ ಹೋಗುವುದಿತ್ತು. ಮಗನಿರುವುದು ಅಲ್ಲಿಂದ ಮುಂದೆ, ಮುಧೋಳದಲ್ಲಿ.

ಅಲ್ಲಿ ಮೂರು ದಿನ ನಡೆದ ಪರೀಕ್ಷೆಯನ್ನು ಕ್ರಮವಾಗಿ ಬರೆದರೆ ಹಳೆಯ ಜೀಪು, ಹಳೆಯ ಕಾರು ಇಟ್ಟುಕೊಂಡವರಿಗೆ ಪ್ರಯೋಜನವಾದೀತು. ಪ್ರತಿ ಮಳೆಗಾಲದಲ್ಲೂ ಔಷಧಿ ಹೊಡೆಯುವ ಇಂಜಿನಿಗೆ ಶಾಪ ಹಾಕುವವರಿಗೂ ಇದರಲ್ಲಿ ಸ್ವಲ್ಪ ಇದೆ.

ಗಾಡಿಯ ಪರಿಚಯ

ಹುಡುಗ ಮುಧೋಳದ ಸಮೀಪದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಾರು ಕೊಂಡದ್ದು ರಬಕವಿ-ಬನಹಟ್ಟಿಯ ಒಬ್ಬ ಪವರ್‌ಲೂಮ್ ಮಾಲೀಕರಿಂದ. ಗಾಡಿ ಡಾಲ್ಫಿನ್. ಹೊಸ ತಲೆಮಾರಿನ ಸದಸ್ಯರು ಹೆಸರು ಕೇಳಿರಲಾರರು. ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಮಾದರಿಯನ್ನು ಆಧರಿಸಿ 1982ರಲ್ಲಿ ಹೊರತಂದ ಕಾರು ಇದು. ಎರಡೇ ಬಾಗಿಲು, ಫೈಬರ್‌ಗ್ಲಾಸಿನ ಮೈ, 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನು, ಹಿಂದಿನ ಚಕ್ರಗಳಿಗೆ ಎಳೆತ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಂಸಾರಸ್ಥರು ಇದರ ಕಡೆಗೆ ಹೆಚ್ಚಾಗಿ ತಿರುಗಿ ನೋಡಲಿಲ್ಲ. ಆದರೆ ರ‍್ಯಾಲಿ ಮತ್ತು ರೇಸಿನ ಹುಚ್ಚಿನವರು ಬಿಡಲಿಲ್ಲ. ಮೈ ಹಗುರ, ಇಂಜಿನ್ ಹಗುರ. ಒಂದಿಷ್ಟು ಕೈಯಾಡಿಸಿದರೆ ದೊಡ್ಡ ಗಾಡಿಗಳನ್ನೂ ಹಿಂದೆ ಹಾಕುತ್ತಿತ್ತು. ಈ ಗುಣವನ್ನು ಮುಧೋಳದವರಿಗೆ ವಿವರಿಸಬೇಕಾಗಿಲ್ಲ. ಅವರ ಊರಿನ ಬೇಟೆನಾಯಿಯನ್ನು ನೋಡಿದವರಿಗೆ ಓಟಕ್ಕೆ ಬೇಕಾದದ್ದು ಮಾಂಸವಲ್ಲವೆಂದು ಗೊತ್ತು.

ಈ ಕಾರನ್ನೂ ಹಿಂದಿನ ಮಾಲೀಕರ ಮನೆಯವರು ಒಂದು ಕಾಲದಲ್ಲಿ ರ‍್ಯಾಲಿಗೆಂದು ಸಿದ್ಧಪಡಿಸಿದ್ದರು. ಆಮೇಲೆ ಅದು ಬಹಳ ವರ್ಷ ಮಗ್ಗದ ಶೆಡ್ಡಿನ ಪಕ್ಕದಲ್ಲಿ ನಿಂತಿತ್ತು. ವಾರಕ್ಕೊಮ್ಮೆ ಚಾಲೂ ಮಾಡಿ ಊರೊಳಗೆ ಒಂದು ಸುತ್ತು ಹಾಕಿ ತರುತ್ತಿದ್ದರು. ಹುಡುಗ ನೋಡಲು ಹೋದಾಗಲೂ ಅದೇ ಮೂರು-ನಾಲ್ಕು ಕಿಲೋಮೀಟರಿನ ಸುತ್ತು. ಗಾಡಿ ಚೆನ್ನಾಗಿಯೇ ಓಡಿತು, ಹಣ ಕೊಟ್ಟು ತಂದರು.

ತೊಂದರೆ ಕಾಣಿಸಿದ್ದು ದೂರ ಓಡಿಸಿದಾಗ. ಹತ್ತು ಹನ್ನೆರಡು ಕಿ.ಮೀ. ಸರಾಗವಾಗಿ ಹೋಗುವುದು, ಆಮೇಲೆ ಏರಿನಲ್ಲಿ ಎಳೆತ ಕುಗ್ಗುವುದು, ಜಗ್ಗುವುದು, ನಿಲ್ಲುವುದು. ಬಾನೆಟ್ ಎತ್ತಿ ಬಂದು ನೋಡಿದರೆ ಶಾಖದ ಸೂಜಿ ಕೆಂಪಿನಲ್ಲಿ. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು ಕೀಲಿ ತಿರುಗಿಸಿದರೆ ಏನೂ ಆಗದಂತೆ ಮತ್ತೆ ಚಾಲೂ. ಆ ಕಡೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಕಾದು ಕಾದು ಹೆಡ್ ಗ್ಯಾಸ್ಕೆಟ್ ಹೋಗಿದೆ, ಬ್ಲಾಕಿನಲ್ಲಿ ಬಿರುಕೂ ಇರಬಹುದು, ಇಡೀ ಇಂಜಿನ್ ಬಿಚ್ಚಬೇಕು ಎಂದು ಹೇಳಿ 80,000ದ ಅಂದಾಜು ಕೊಟ್ಟಿದ್ದರು.

ಬಿಚ್ಚುವುದಕ್ಕೆ ಅವಸರವೇಕೆ ಬೇಡ

ಬಿಚ್ಚಿ ನೋಡುವುದರಿಂದ ನಷ್ಟವೇನು, ಕೂಲಿ ತಾನೆ ಎಂದು ಕೆಲವರು ಹೇಳುವುದುಂಟು. ಈ ಇಂಜಿನಿನ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಇದರ ಬ್ಲಾಕು ಅಲ್ಯೂಮಿನಿಯಂ. ಒಳಗೆ ಪಿಸ್ಟನ್ ಓಡುವ ನಾಲ್ಕು ಕಬ್ಬಿಣದ ಕೊಳವೆಗಳನ್ನು, ಅಂದರೆ ಲೈನರುಗಳನ್ನು, ಇಳಿಬಿಟ್ಟಿರುತ್ತಾರೆ. ನೀರು ಈ ಲೈನರುಗಳ ಮೈಗೇ ತಾಗಿಕೊಂಡು ಹರಿಯುತ್ತದೆ. ಕೆಳಗೆ ಒಂದು ತೆಳುವಾದ ಸೀಲು, ಮೇಲೆ ಹೆಡ್ಡಿನ ಒತ್ತಡ. ಅಷ್ಟೇ ಅವನ್ನು ಹಿಡಿದಿರುವುದು. ಹೆಡ್ ತೆಗೆದ ಮೇಲೆ ಲೈನರುಗಳನ್ನು ಬಿಗಿದಿಡದೆ ಯಾರಾದರೂ ಇಂಜಿನನ್ನು ಒಂದು ಸುತ್ತು ತಿರುಗಿಸಿದರೆ ಪಿಸ್ಟನ್ನಿನ ಜೊತೆಗೆ ಲೈನರೂ ಮೇಲೇಳುತ್ತದೆ, ಕೆಳಗಿನ ಸೀಲು ಕಿತ್ತುಹೋಗುತ್ತದೆ. ಮತ್ತೆ ಜೋಡಿಸಿದ ಮೇಲೆ ನೀರು ನೇರವಾಗಿ ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಕಬ್ಬಿಣದ ಬ್ಲಾಕಿನ ಜೀಪಿನ ಮೇಲೆ ಕೈ ಪಳಗಿದ ಒಳ್ಳೆಯ ಮೆಕ್ಯಾನಿಕನಿಗೂ ಇದು ಹೊಳೆಯದೆ ಹೋಗಬಹುದು. ಆರೋಗ್ಯವಾಗಿದ್ದ ಇಂಜಿನು ಬಿಚ್ಚಿದ ಕಾರಣಕ್ಕೇ ರೋಗಿಯಾಗುತ್ತದೆ.

ಅಡಿಕೆ ತೋಟದಲ್ಲಿ ಹಿಡಿಮುಂಡಿಗೆ ಬಂದಾಗ ಸೋಗೆ ಮುರುಟಿಕೊಂಡು ಕಾಣುವುದು ಮೇಲೆ, ಕೆಟ್ಟಿರುವುದು ಕೆಳಗೆ, ಬಸಿಗಾಲುವೆಯಲ್ಲಿ. ಸೋಗೆಯನ್ನು ನೋಡಿ ತಲೆಗೆ ಔಷಧಿ ಹೊಡೆದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಹೊರಗಿನಿಂದಲೇ ತಿಳಿಯಬಹುದಾದದ್ದನ್ನೆಲ್ಲ ತಿಳಿದುಕೊಂಡು, ಆಮೇಲೆ ಸ್ಪ್ಯಾನರು ಹಿಡಿಯುವುದು ಕ್ರಮ.

ತಣ್ಣಗಿರುವಾಗ ನೋಡತಕ್ಕದ್ದು

ಮೊದಲ ದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಆರಂಭಿಸಿದೆವು. ನಮ್ಮ ಜೊತೆಗೆ ಬನಹಟ್ಟಿಯಿಂದ ಒಬ್ಬ ಮಗ್ಗದ ಫಿಟ್ಟರ್ ಬಂದಿದ್ದರು. ಕಾರಿನ ಮೆಕ್ಯಾನಿಕ್ ಅಲ್ಲದಿದ್ದರೂ ಯಂತ್ರದ ಸದ್ದು ಕೇಳುವ ಕಿವಿ ಅವರದು. ನಾಲ್ಕು ಡಜನ್ ಮಗ್ಗ ಒಟ್ಟಿಗೆ ಬಡಿಯುವಾಗ ಯಾವುದರಲ್ಲಿ ಲಯ ತಪ್ಪಿದೆಯೆಂದು ಬಾಗಿಲಲ್ಲೇ ನಿಂತು ಹೇಳುವವರು.

ಎಣ್ಣೆಕಡ್ಡಿ ಎಳೆದು ನೋಡಬೇಕು. ಎಣ್ಣೆಯೊಳಗೆ ನೀರು ಸೇರಿದ್ದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬೆಳ್ಳಗಿನ ಜಿಡ್ಡಿದ್ದರೆ ಹೆದರಬೇಕಾಗಿಲ್ಲ. ಕಡಿಮೆ ದೂರ ಓಡಿ ನಿಲ್ಲುವ ಗಾಡಿಯಲ್ಲಿ ಬೆವರಿದ ಹನಿ ಅದು. ಈ ಕಾರಿನ ಎಣ್ಣೆ ಕಪ್ಪಗಿತ್ತು, ಹಳೆಯದಾಗಿತ್ತು, ಹಾಲಾಗಿರಲಿಲ್ಲ.

ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಬೇಕು. ಇದನ್ನು ತಣ್ಣಗಿರುವಾಗ ಮಾತ್ರ ಮಾಡತಕ್ಕದ್ದು. ಕಾದ ಮುಚ್ಚಳವನ್ನು ಬಟ್ಟೆ ಸುತ್ತಿ ತಿರುಗಿಸುವವರನ್ನು ಈಗಲೂ ಕಾಣುತ್ತೇವೆ. ಒತ್ತಡದಲ್ಲಿರುವ ಕುದಿನೀರು ಬಟ್ಟೆಯನ್ನು ಲೆಕ್ಕಿಸುವುದಿಲ್ಲ. ಚಾಲೂ ಆದ ಮೊದಲ ಒಂದೆರಡು ನಿಮಿಷದಲ್ಲೇ ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಚಾಲೂ ಮಾಡಿದಾಗ ನೀರು ಇನ್ನೂ ಬೆಚ್ಚಗಾಗುವ ಮೊದಲೇ ಮೇಲಿನ ರಬ್ಬರ್ ಪೈಪು ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆಯೆಂದು ಅರ್ಥ. ಗ್ಯಾಸ್ಕೆಟ್ ಹೋಗಿರುವುದಕ್ಕೆ ಅದು ಸಾಕ್ಷಿ. ಇಲ್ಲಿ ಎರಡೂ ಕಾಣಲಿಲ್ಲ.

ಮೂರನೆಯದು ಪ್ಲಗ್ಗುಗಳು. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಬೇಕು. ತುದಿ ಹುರಿದ ಕಾಫಿಬೀಜದ ತಿಳಿಬಣ್ಣದಲ್ಲಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಆ ಕಡೆಯ ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಕಟ್ಟಿದ ಗಾಡಿಗಳಲ್ಲಿ ಹೀಗಾಗುತ್ತದೆ. ಎಣ್ಣೆಯ ಜಿಡ್ಡಿದ್ದರೆ ರಿಂಗು ಅಥವಾ ವಾಲ್ವಿನ ಸವೆತ. ನಾಲ್ಕರಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆಯೆಂಬ ಗುಮಾನಿ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಒಣಗಿ ಉರಿಯುತ್ತಿದೆ. ನಮ್ಮ ಕಾರಿನ ನಾಲ್ಕೂ ಪ್ಲಗ್ಗು ಬೆಳ್ಳಗಿದ್ದವು. ಕಾದು ಕೆಟ್ಟ ಇಂಜಿನ್ ಎಂದು ತೀರ್ಪು ಕೊಟ್ಟವರು ಈ ನಾಲ್ಕನ್ನು ಬಿಚ್ಚಿ ನೋಡಿದ್ದರೆ ಬೇರೆ ಯೋಚನೆ ಹುಟ್ಟುತ್ತಿತ್ತು.

ಕಂಪ್ರೆಶನ್ ಪರೀಕ್ಷೆಗೆ ಸಣ್ಣ ಗೇಜು ಸಾಕು, ಊರಿಗೊಂದು ಇದ್ದರೆ ಸಾಕು. ಇಂಜಿನನ್ನು ಸ್ವಲ್ಪ ಬೆಚ್ಚಗೆ ಮಾಡಿ, ನಾಲ್ಕೂ ಪ್ಲಗ್ಗು ತೆಗೆದು, ಕಾಯಿಲ್ ವೈರನ್ನು ಕಳಚಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟರಿನಲ್ಲಿ ಐದಾರು ಸುತ್ತು ತಿರುಗಿಸಬೇಕು. ಅಂಕಿ ಎಷ್ಟು ಬಂತು ಎಂಬುದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಎಂಬುದು ಮುಖ್ಯ. ಶೇಕಡಾ ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ಅಕ್ಕಪಕ್ಕದ ಎರಡು ಮಾತ್ರ ತೀರಾ ಕೆಳಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುತ್ತದೆ. ಒಂದೇ ಕಡಿಮೆಯಿದ್ದರೆ ಆ ರಂಧ್ರಕ್ಕೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ನೋಡಬೇಕು: ಏರಿದರೆ ರಿಂಗು, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟು. ಇಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು.

ಫಿಟ್ಟರ್ ಒಂದು ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಇಂಜಿನಿನ ಬೇರೆ ಬೇರೆ ಕಡೆಗೂ ಇಟ್ಟು ಕೇಳಿದರು. ಮೇಲೆ ಟ್ಯಾಪೆಟ್ಟಿನ ಸಣ್ಣ ಟಕಟಕ ಇತ್ತು. ಕೆಳಗಿನಿಂದ, ಬೇರಿಂಗುಗಳ ಕಡೆಯಿಂದ, ಗುದ್ದುವ ಸದ್ದು ಬರಲಿಲ್ಲ. ‘ಒಳಗಿನ ಗಡಿ ಗಟ್ಟಿ ಐತ್ರಿ’ ಎಂದರು.

ಫೈಬರ್ ಮೈಯ ಗಾಡಿಗೆ ವಿಶೇಷವಾದ ಇನ್ನೊಂದು ಪರೀಕ್ಷೆಯಿದೆ. ತಗಡಿನ ಕಾರಿನಲ್ಲಿ ವಿದ್ಯುತ್ತು ಮರಳುವುದು ಮೈಯ ಮೂಲಕ. ಫೈಬರಿನಲ್ಲಿ ಅದು ಹರಿಯದು, ಪ್ರತಿಯೊಂದಕ್ಕೂ ಪ್ರತ್ಯೇಕ ಅರ್ಥ್ ವೈರು ಬೇಕು. ಆ ವೈರಿನ ತುದಿ ಕಿಲುಬು ಹಿಡಿದರೆ ಸೂಜಿಗಳು ಸುಳ್ಳು ಹೇಳುತ್ತವೆ. ಹೆಡ್‌ಲೈಟ್ ಹಾಕಿದ ಕೂಡಲೇ ಶಾಖದ ಸೂಜಿ ಜಿಗಿದರೆ ಅದು ಶಾಖವಲ್ಲ, ಏಕೆಂದರೆ ನೀರು ಒಂದು ಕ್ಷಣದಲ್ಲಿ ಕಾಯುವುದಿಲ್ಲ. ಇಲ್ಲಿ ಸೂಜಿ ಅಲುಗಲಿಲ್ಲ. ಅಂದರೆ ಅದು ತೋರಿಸುವ ಶಾಖವನ್ನು ನಂಬಬಹುದು.

ರಸ್ತೆಯಲ್ಲಿ

ಮಧ್ಯಾಹ್ನ ಜಮಖಂಡಿ ರಸ್ತೆಗೆ ಹೊರಟೆವು. ಹುಡುಗ ಓಡಿಸಿದರು, ನಾವು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಈ ಬರೆದುಕೊಳ್ಳುವ ಕೆಲಸಕ್ಕೆ ನಾವು ಬಹಳ ಬೆಲೆ ಕೊಡುತ್ತೇವೆ. ಮನಸ್ಸು ತನಗೆ ಬೇಕಾದ ಕ್ರಮದಲ್ಲಿ ನೆನಪಿಟ್ಟುಕೊಳ್ಳುತ್ತದೆ, ಕಾಗದ ಹಾಗೆ ಮಾಡುವುದಿಲ್ಲ. ಅಂದು ಬರೆದದ್ದು ಹೀಗಿದೆ: ಎಂಟನೇ ಕಿ.ಮೀ., ಸೂಜಿ ನಡುವಿಗಿಂತ ತುಸು ಮೇಲೆ, ಓಟ ಸರಿ. ಹನ್ನೊಂದು, ಏರಿನಲ್ಲಿ ಎಳೆತ ಕಡಿಮೆ. ಹನ್ನೆರಡು, ಜಗ್ಗಿ ನಿಂತಿತು, ಸೂಜಿ ಮುಕ್ಕಾಲಿನಲ್ಲಿ. ನಿಂತು ಐದು ನಿಮಿಷದ ಮೇಲೆ ಕೀಲಿ ತಿರುಗಿಸಿ ನೋಡಿದರೆ ಸೂಜಿ ಕೆಂಪಿನಲ್ಲಿ.

ಈ ಕೊನೆಯ ಎರಡು ಸಾಲುಗಳನ್ನು ಸದಸ್ಯರು ಮತ್ತೊಮ್ಮೆ ಓದಬೇಕು. ಇಂಜಿನ್ ನಿಂತಾಗ ಸೂಜಿ ಕೆಂಪಿಗೆ ಹೋಗಿರಲಿಲ್ಲ. ನಿಂತ ಮೇಲೆ ಹೋಯಿತು. ಇಂಜಿನ್ ನಿಂತರೆ ನೀರಿನ ಪಂಪೂ ನಿಲ್ಲುತ್ತದೆ, ಹೆಡ್ಡಿನಲ್ಲಿ ಕೂಡಿದ ಶಾಖ ಅಲ್ಲೇ ಇರುವ ನೀರನ್ನು ಇನ್ನಷ್ಟು ಕಾಯಿಸುತ್ತದೆ. ಬಾನೆಟ್ ಎತ್ತಿ ಬಂದು ಸೂಜಿ ನೋಡಿದವರು, ಕಾದದ್ದರಿಂದ ನಿಂತಿತು ಎಂದುಕೊಳ್ಳುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡದೆ ಇದ್ದುದರಿಂದಲೇ 80,000ದ ಲೆಕ್ಕ ಹುಟ್ಟಿದ್ದು.

ನಿಂತ ಎರಡೇ ನಿಮಿಷದೊಳಗೆ ಎರಡು ಪರೀಕ್ಷೆ ಮುಗಿಸಬೇಕು, ತಣಿದ ಮೇಲೆ ಮಾಡಿದರೆ ಫಲವಿಲ್ಲ. ಮೊದಲನೆಯದು ಕಿಡಿ. ಕಂಡೆನ್ಸರು ಮತ್ತು ಕಾಯಿಲು ತಣ್ಣಗಿದ್ದಾಗ ಒಳ್ಳೆಯವರಾಗಿದ್ದು ಕಾದಾಗ ಕೈಕೊಡುವ ಸ್ವಭಾವದವು. ಜೊತೆಗಿಟ್ಟುಕೊಂಡ ಒಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನಿಗೆ ತಾಗುವಂತೆ ಇಟ್ಟು, ಸ್ಟಾರ್ಟರ್ ತಿರುಗಿಸಿದೆವು. ಹತ್ತಿರದಲ್ಲಿ ಪೆಟ್ರೋಲು ಚೆಲ್ಲಿರಬಾರದು, ವೈರನ್ನು ಬರಿಗೈಯಲ್ಲಿ ಹಿಡಿಯಬಾರದು. ಕಿಡಿ ನೀಲಿಯಾಗಿ ಚಟಚಟನೆ ಬಂತು. ಎರಡನೆಯದು ಪೆಟ್ರೋಲು. ಕಾಯಿಲ್ ವೈರು ಕಳಚಿಟ್ಟು, ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಒಂದು ಬಾಟಲಿಗೆ ಬಿಟ್ಟು ತಿರುಗಿಸಿದರೆ ಪಂಪಿನ ಒಂದೊಂದು ಬಡಿತಕ್ಕೂ ಪೆಟ್ರೋಲು ಚಿಮ್ಮಬೇಕು. ಇಲ್ಲಿ ತೊಟ್ಟಿಕ್ಕಿತು, ಅಷ್ಟೆ.

ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಗೆ ಸೆಳೆದ ಸದ್ದು ಬರಲಿಲ್ಲವಾದ್ದರಿಂದ ಗಾಳಿರಂಧ್ರ ಕಟ್ಟಿರಲಿಲ್ಲ. ಪಂಪಿಗೆ ಬರುವ ಪೈಪನ್ನು ಕಳಚಿ, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಹಿಮ್ಮುಖವಾಗಿ ಗಾಳಿ ಹೊಡೆದೆವು. ಒಳಗೆ ಗುಳುಗುಳು ಸದ್ದಾಯಿತು. ಪೈಪು ಜೋಡಿಸಿದರೆ ಇಂಜಿನ್ ಆಗಲೇ, ಬಿಸಿ ಇರುವಾಗಲೇ, ಚಾಲೂ ಆಯಿತು. ಅರ್ಧ ಗಂಟೆ ಕಾಯಬೇಕಾಗಲಿಲ್ಲ. ತಣಿಯುವುದಕ್ಕೂ ಚಾಲೂ ಆಗುವುದಕ್ಕೂ ಸಂಬಂಧವಿಲ್ಲವೆಂದಾಯಿತು. ಕಾಯುತ್ತಿದ್ದ ಅರ್ಧ ಗಂಟೆಯಲ್ಲಿ ಆಗುತ್ತಿದ್ದುದು ಇಷ್ಟೆ: ಜಾಲರಿಗೆ ಅಂಟಿದ ಕಸ ಕೆಳಗೆ ಕೂರುವುದು, ಪೆಟ್ರೋಲು ಮೆಲ್ಲಗೆ ಬಂದು ತುಂಬಿಕೊಳ್ಳುವುದು.

‘ಸರ, ಇದಕ್ಕ ಜ್ವರಾ ಬ್ಯಾರೆ, ಹಸಿವಿ ಬ್ಯಾರೆ. ಎರಡೂ ಕೂಡೇ ಬಂದಾವ’ ಎಂದರು ಫಿಟ್ಟರ್. ಆ ಮೂರು ದಿನದಲ್ಲಿ ಕೇಳಿದ ಮಾತುಗಳಲ್ಲಿ ಇದೇ ಸರಿಯಾದ ರೋಗನಿದಾನ.

ಕಬ್ಬಿನ ಪೆಟ್ರೋಲು

ಮರುದಿನ ಟ್ಯಾಂಕನ್ನು ಬರಿದು ಮಾಡಿದಾಗ ಕಂದು ಅಂಟು, ತುಕ್ಕಿನ ಹಕ್ಕಳೆ, ಕರಿ ರಬ್ಬರಿನ ಚೂರು ಬಂದವು. ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಸುಮ್ಮನಿದ್ದ ಕಸ ಈಗ ಏಕೆ ಎದ್ದಿತು?

ಉತ್ತರ ಆ ನಾಡಿನ ಹೊಲದಲ್ಲೇ ಇದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. 2025ರ ಹೊತ್ತಿಗೆ ದೇಶದಾದ್ಯಂತ ಈ ಮಟ್ಟ ಬಂದಿತು. ಮುಧೋಳ, ಜಮಖಂಡಿ ಸೀಮೆಯ ಕಬ್ಬು ಸಕ್ಕರೆಯಾಗುವುದಷ್ಟೇ ಅಲ್ಲ, ಅಲ್ಲಿನ ಡಿಸ್ಟಿಲರಿಗಳಲ್ಲಿ ಎಥನಾಲೂ ಆಗುತ್ತದೆ. ಕಬ್ಬು ಬೆಳೆಯುವವರಿಗೆ ಇದರಿಂದ ಅನುಕೂಲವಿದೆ, ನಾವು ಅದನ್ನು ಹೀಗಳೆಯುವುದಿಲ್ಲ. ಹೊಸ ಗಾಡಿಗಳನ್ನು ಇದಕ್ಕೆ ಹೊಂದುವಂತೆಯೇ ಮಾಡಿರುತ್ತಾರೆ. ಆದರೆ 1980ರ ದಶಕದ ಗಾಡಿಗೆ ಎಥನಾಲ್ ಎಂದರೆ ಏನೆಂದೇ ಗೊತ್ತಿಲ್ಲ. ಅದು ಹಳೆಯ ಅಂಟನ್ನು ಕರಗಿಸಿ ಎಬ್ಬಿಸುತ್ತದೆ; ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಚೂರು ಮಾಡುತ್ತದೆ; ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂಡಿಸುತ್ತದೆ. ಅದರ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವಿರುವುದರಿಂದ, ಹಳೆಯ ಕಾರ್ಬ್ಯುರೇಟರಿನ ಅಳತೆಗೆ ಗಾಳಿ ಹೆಚ್ಚಾದಂತೆ, ಪೆಟ್ರೋಲು ಕಡಿಮೆಯಾದಂತೆ ಆಗುತ್ತದೆ. ಶೇ. 20ರ ಮಿಶ್ರಣಕ್ಕೆಂದು ಮಾಡದ ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಬೆಳ್ಳಗಿದ್ದ ನಾಲ್ಕು ಪ್ಲಗ್ಗುಗಳಿಗೆ ಅರ್ಧ ಕಾರಣ ಕಟ್ಟಿದ ಜಾಲರಿ, ಇನ್ನರ್ಧ ಇದು.

ಟ್ಯಾಂಕು ತೊಳೆಸಿ, ಎಥನಾಲಿಗೆ ತಡೆಯುವ ಹೊಸ ಪೈಪು ಹಾಕಿಸಿ, ಪಂಪಿಗೆ ಮೊದಲು ಕಣ್ಣಿಗೆ ಕಾಣುವ ಒಂದು ಸಣ್ಣ ಫಿಲ್ಟರ್ ಕೂರಿಸಿ, ಕಾರ್ಬ್ಯುರೇಟರಿನ ಮಿಶ್ರಣವನ್ನು ತುಸು ಗಟ್ಟಿ ಮಾಡಿದ್ದಾಯಿತು. ಪಾಯಿಂಟಿನ ಅಂತರ, ಟೈಮಿಂಗು ಸರಿಯಿದ್ದವು. ಕಿಡಿ ತಡವಾಗಿ ಬಂದರೂ ಇಂಜಿನ್ ಕಾಯುತ್ತದೆ. ಆದ್ದರಿಂದ ನೋಡದೆ ಬಿಡಬಾರದು.

ಸುಣ್ಣದ ನೀರು

ಹಸಿವು ತೀರಿತು, ಜ್ವರ ಉಳಿಯಿತು. ಜಮಖಂಡಿಗೆ ಹೋಗಿ ಬಂದರೂ ಕಾರು ಎಲ್ಲಿಯೂ ನಿಲ್ಲಲಿಲ್ಲ. ಆದರೆ ಬೀಳಗಿ ಕಡೆಗೆ ಮೂವರು ಕುಳಿತು ವೇಗವಾಗಿ ಹೋದಾಗ ಸೂಜಿ ಒಂದೇ ಸಮನೆ ಏರಿತು. ಪೇಟೆಯ ಗದ್ದಲದಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಕಾದರೆ ಫ್ಯಾನಿನ ದೋಷ ಹುಡುಕಬೇಕು. ಗಾಳಿ ಚೆನ್ನಾಗಿ ಹೊಡೆಯುವ ವೇಗದಲ್ಲೇ ಕಾದರೆ ನೀರು ಹರಿಯುತ್ತಿಲ್ಲವೆಂದು ತಿಳಿಯಬೇಕು. ಇಂಜಿನ್ ನಿಲ್ಲಿಸಿ, ಫ್ಯಾನ್ ನಿಂತ ಮೇಲೆ, ರೇಡಿಯೇಟರಿನ ಮುಂಭಾಗದ ಮೇಲೆ ಅಂಗೈಯನ್ನು ಹತ್ತಿರ ಹಿಡಿದು ಸಾಗಿಸಿದರ್ರೆ ಬಿಸಿ ಎಲ್ಲಿದೆ, ಎಲ್ಲಿಲ್ಲ ಎಂಬುದು ತಿಳಿಯುತ್ತದೆ. ಇಲ್ಲಿ ಕೆಳಗಿನ ಒಂದು ಮೂಲೆಯೆಲ್ಲ ತಣ್ಣಗಿತ್ತು. ಅಲ್ಲಿಗೆ ನೀರೇ ಹೋಗುತ್ತಿರಲಿಲ್ಲ.

ನಮ್ಮ ಮಲೆನಾಡಿನ ಮಣ್ಣು ಹುಳಿ. ಸುಣ್ಣವನ್ನು ನಾವು ಲಾರಿಯಲ್ಲಿ ತಂದು ಹಾಕುತ್ತೇವೆ. ಮುಧೋಳ, ಲೋಕಾಪುರ, ಬಾಗಲಕೋಟೆಯ ಕಡೆ ನೆಲದಡಿಯೇ ಸುಣ್ಣದ ಕಲ್ಲು. ಅದೇ ಕಲ್ಲಿನಿಂದ ಅಲ್ಲಿ ಸಿಮೆಂಟು ಮಾಡುತ್ತಾರೆ. ಅದರ ನಡುವೆ ಹಾದು ಬರುವ ಬೋರಿನ ನೀರು ಕಣ್ಣಿಗೆ ತಿಳಿಯಾಗಿದ್ದರೂ ಸುಣ್ಣವನ್ನು ಕರಗಿಸಿಕೊಂಡು ಬಂದಿರುತ್ತದೆ. ಕಾಯಿಸಿದೊಡನೆ ಆ ಸುಣ್ಣ ಕಲ್ಲಾಗಿ ಪಾತ್ರೆಗೆ ಕಟ್ಟುತ್ತದೆ. ಅಲ್ಲಿನ ಯಾವ ಮನೆಯ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದರೂ ಇದು ತಿಳಿಯುತ್ತದೆ. ಇಂಜಿನಿನೊಳಗೂ ಅದೇ. ಅತಿ ಹೆಚ್ಚು ಬಿಸಿಯಿರುವ ಜಾಗದಲ್ಲೇ, ಅಂದರೆ ತಂಪು ಎಲ್ಲಿ ಹೆಚ್ಚು ಬೇಕೋ ಅಲ್ಲೇ, ಕಲ್ಲು ಕಟ್ಟುವುದು. ಅಲ್ಯೂಮಿನಿಯಂ ಶಾಖವನ್ನು ಹಾಯಿಸುವ ಶಕ್ತಿಯಲ್ಲಿ ಈ ಕಲ್ಲಿಗೆ ನೂರನೇ ಒಂದು ಪಾಲಿನಷ್ಟೇ ಇರುವುದು.

ಇಲ್ಲಿ ಒಂದು ಮಾತು ಬರೆಯದಿರಲು ಮನಸ್ಸು ಒಪ್ಪುವುದಿಲ್ಲ. ಕಾರ್ಖಾನೆಯ ಬಾಯ್ಲರಿಗೆ ಹೋಗುವ ನೀರನ್ನು ದಿನವೂ ಪರೀಕ್ಷಿಸಿ, ಮೆದು ಮಾಡಿಸಿ ಬಿಡುವುದು ಈ ಹುಡುಗರದೇ ಕೆಲಸ. ಬಾಯ್ಲರಿಗೆ ಒಂದು ಕೊಡವೂ ಬಿಡದ ಬೋರಿನ ನೀರನ್ನು ತಮ್ಮ ಕಾರಿಗೆ ನಲ್ಲಿಯಿಂದ ನೇರವಾಗಿ ತುಂಬಿಸುತ್ತಿದ್ದರು! ಕೇಳಿದಾಗ ಮೊದಲು ಸುಮ್ಮನಾದರು, ಆಮೇಲೆ ನಕ್ಕರು.

ರೇಡಿಯೇಟರನ್ನು ಬಿಚ್ಚಿ ಜಮಖಂಡಿಯಲ್ಲಿ ರಾಡು ಹಾಕಿಸಿ ಸ್ವಚ್ಛ ಮಾಡಿಸಲಾಯಿತು. ಇಂಜಿನಿನ ಒಳಗಿನ ಕಲ್ಲಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಲೀಟರಿಗೆ 20 ಗ್ರಾಮಿನಂತೆ ಒಳ್ಳೆಯ ನೀರಿನಲ್ಲಿ ಕರಗಿಸಿ ತುಂಬಿ, ಅರ್ಧ ಗಂಟೆ ನಿಧಾನವಾಗಿ ಓಡಿಸಿ, ತಣಿದ ಮೇಲೆ ಬರಿದು ಮಾಡಿ, ನೀರು ತಿಳಿಯಾಗುವ ತನಕ ತೊಳೆದೆವು. ಎರಡು ಸಲ ಹೀಗೆ ಮಾಡಬೇಕಾಯಿತು. ಹಳೆಯ ಜೀಪಿನ ತಾಮ್ರದ ರೇಡಿಯೇಟರಿಗೆ ಕಾಸ್ಟಿಕ್ ಸೋಡಾ ಹಾಕಿ ತೊಳೆಯುವ ಅಭ್ಯಾಸ ಕೆಲವರಿಗಿದೆ. ಅಲ್ಯೂಮಿನಿಯಂ ಇಂಜಿನಿಗೆ ಅದನ್ನು ಖಂಡಿತ ಮಾಡಬಾರದು. ಕಾಸ್ಟಿಕ್ ಅಲ್ಯೂಮಿನಿಯಂ ಲೋಹವನ್ನೇ ತಿನ್ನುತ್ತದೆ. ಬಿಸಿ ಸೀಮೆಯಲ್ಲಿ ಥರ್ಮೋಸ್ಟಾಟ್ ಬೇಡವೆಂದು ಯಾರೋ ಹಿಂದೆ ಕಿತ್ತೆಸೆದಿದ್ದರು. ಅದನ್ನೂ ಮತ್ತೆ ಹಾಕಿಸಿದೆವು. ಅದಿಲ್ಲದಿದ್ದರೆ ಬೆಳಗಿನ ಹೊತ್ತು ಇಂಜಿನ್ ಬೇಗ ಬೆಚ್ಚಗಾಗದೆ ಸವೆತ ಹೆಚ್ಚುತ್ತದೆ, ಚೋಕ್ ಎಳೆದೇ ಓಡಿಸಬೇಕಾಗುತ್ತದೆ.

ಮೂರನೇ ದಿನದ ಸಂಜೆ ಅದೇ ಬೀಳಗಿ ರಸ್ತೆಯಲ್ಲಿ, ಅದೇ ಮೂವರು, ಅದೇ ವೇಗದಲ್ಲಿ ಹೋಗಿಬಂದೆವು. ಸೂಜಿ ನಡುವಿನಲ್ಲೇ ನಿಂತಿತ್ತು.

ಕೂಲಿ, ಸಾಮಾನು ಎಲ್ಲ ಸೇರಿ ಖರ್ಚು 11,000 ರೂಪಾಯಿಯ ಒಳಗೆ. ಹುಡುಗ ಸಂಬಳದಲ್ಲೇ ಕೊಟ್ಟರು. ತಂದೆಯವರು ಅರ್ಜಿ ಹಿಂತೆಗೆದುಕೊಂಡರು. ಸಸಿಗೆಂದು ಬೇರೆ ಅರ್ಜಿ ಕೊಟ್ಟಿದ್ದಾರೆ. ಇಂಜಿನು ಹೊಸದಾಗಿಬಿಟ್ಟಿತೆಂದು ಯಾರೂ ತಿಳಿಯಬಾರದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ತೆಳುವಾದ ನೀಲಿ ಹೊಗೆ ಬರುತ್ತದೆ. ವಾಲ್ವ್ ಗೈಡು ಸವೆದಿರುವುದರ ಗುರುತು ಅದು. ಒಂದು ದಿನ ಹೆಡ್ ತೆಗೆಯಲೇಬೇಕಾಗುತ್ತದೆ. ಆದರೆ ಅದು ಒಂದೆರಡು ವರ್ಷ ಕಾಯಬಲ್ಲ ಕೆಲಸ, ಆಗಲೂ ಲೈನರಿನ ಸ್ವಭಾವ ಬಲ್ಲವರ ಕೈಗೇ ಕೊಡಬೇಕೆಂದು ಹುಡುಗನಿಗೆ ಹೇಳಿಬಂದಿದ್ದೇವೆ.

ಮಾರಿದವರ ಮೇಲೆ ತಪ್ಪು ಹೊರಿಸುವುದಕ್ಕೂ ಆಧಾರವಿಲ್ಲ. ಮೂರು-ನಾಲ್ಕು ಕಿ.ಮೀ.ಗಿಂತ ಹೆಚ್ಚು ಓಡಿಸದವರಿಗೆ ಹನ್ನೆರಡನೇ ಕಿ.ಮೀ.ನ ರೋಗ ತಿಳಿಯುವುದು ಹೇಗೆ? ಕೊಳ್ಳುವ ಸದಸ್ಯರು ಕನಿಷ್ಠ 20 ಕಿ.ಮೀ., ಅದರಲ್ಲೂ ಒಂದು ಏರು ಇರುವ ರಸ್ತೆಯಲ್ಲಿ, ಓಡಿಸಿ ನೋಡದೆ ಮುಂಗಡ ಕೊಡಬಾರದು. ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಬೇಕು. 15 ವರ್ಷ ಮೀರಿದ ಸ್ವಂತದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ, ಗಾಡಿಯ ಪರೀಕ್ಷೆ ಮಾಡಿಸಿ ನವೀಕರಿಸಬೇಕಾಗುತ್ತದೆ. ಆ ಕಾಗದ ಚಾಲ್ತಿಯಲ್ಲಿದೆಯೇ, ಇಂಜಿನ್ ಮತ್ತು ಛಾಸಿಸ್ ನಂಬರು ಅದಕ್ಕೆ ತಾಳೆಯಾಗುತ್ತವೆಯೇ ಎಂಬುದನ್ನು ಇಂಜಿನ್ ನೋಡುವ ಮೊದಲೇ ನೋಡಿಕೊಳ್ಳಬೇಕು.

ಇನ್ನು ನಮ್ಮ ತೋಟದ ಯಂತ್ರಗಳ ಮಾತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪೆಟ್ರೋಲ್ ಇಂಜಿನುಗಳು ಮೂರು-ನಾಲ್ಕು ತಿಂಗಳು ದುಡಿದು ಉಳಿದ ಕಾಲ ಅಟ್ಟದ ಮೇಲಿರುತ್ತವೆ. ಕೊನೆಯ ಸುತ್ತು ಮುಗಿದ ದಿನವೇ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿದು, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಇಂಜಿನ್ ಓಡಿಸಿ ಇಡಬೇಕು. ಮಲೆನಾಡಿನ ತೇವದಲ್ಲಿ ಎಥನಾಲ್ ಬೆರೆತ ಪೆಟ್ರೋಲು ಎಂಟು ತಿಂಗಳು ನಿಂತರೆ ಮುಂದಿನ ಜೂನಿನಲ್ಲಿ, ಮರ ಹತ್ತುವವರು ಬಂದು ನಿಂತ ದಿನವೇ, ಇಂಜಿನ್ ಏಳುವುದಿಲ್ಲ. ಬಸಿದ ಪೆಟ್ರೋಲಿನಲ್ಲಿ ಎಣ್ಣೆ ಬೆರೆತಿದ್ದರೆ ಅದನ್ನು ಕಾರಿಗೆ ಹಾಕದೆ ಮರ ಕೊಯ್ಯುವ ಯಂತ್ರಕ್ಕೆ ಉಪಯೋಗಿಸಬಹುದು.

ನಮ್ಮ ಹಳ್ಳದ ನೀರಿನಲ್ಲಿ ಸುಣ್ಣ ಕಡಿಮೆಯೆಂದು ಕಾರಿಗೆ ಬರಿಯ ನೀರನ್ನೇ ತುಂಬಿಸುವವರಿದ್ದಾರೆ. ಕಲ್ಲು ಕಟ್ಟದಿದ್ದರೂ ಬರಿಯ ನೀರು ಅಲ್ಯೂಮಿನಿಯಂ ಮತ್ತು ಕಬ್ಬಿಣ ಎರಡೂ ಇರುವ ಇಂಜಿನನ್ನು ಒಳಗಿಂದ ತಿನ್ನುತ್ತದೆ. ಬಾಟಲಿಯ ಮೇಲೆ ಬರೆದ ಪ್ರಮಾಣದಲ್ಲಿ ಕೂಲೆಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ ತುಂಬಬೇಕು, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಸಿದ ಹಳೆಯ ಕೂಲೆಂಟು ಸಿಹಿ, ಆದರೆ ವಿಷ. ದನ, ನಾಯಿ ನೆಕ್ಕದಂತೆ ಮಣ್ಣಿನಲ್ಲಿ ಆಳವಾಗಿ ಮುಚ್ಚದೆ, ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಬಾವಿಯ ಹತ್ತಿರ ಚೆಲ್ಲಬೇಡಿ. ಕಂಪ್ರೆಶನ್ ಗೇಜೊಂದನ್ನು ಸಂಘದ ಉಗ್ರಾಣದಲ್ಲಿ ತಂದಿರಿಸಿದ್ದೇವೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು.